ಹೊಸ ಮನೆಯ ನೋಂದಣಿ: ಯಾವುದಕ್ಕೆ ಕಾಯಬೇಕು, ಯಾವುದಕ್ಕೆ ಕಾಯಬಾರದು

ಹೊಸದಾಗಿ ಕಟ್ಟಿದ ಮನೆ ಕೊಳ್ಳುವವರನ್ನು ಕೊನೆಯ ಹಂತದಲ್ಲಿ ಕಾಡುವುದು ಒಂದೇ ಪ್ರಶ್ನೆ. ಮನೆ ಹೆಚ್ಚುಕಡಿಮೆ ಮುಗಿದಿದೆ. ಬಚ್ಚಲಿನ ನೆಲಕ್ಕೆ ವಾಟ ಸರಿಯಿಲ್ಲದೆ ನೀರು ಮೂಲೆಯಲ್ಲಿ ನಿಲ್ಲುತ್ತದೆ, ಹಿಂದಿನ ಬಾಗಿಲು ಚೌಕಟ್ಟಿಗೆ ಕೂರುವುದಿಲ್ಲ, ತಾರಸಿಯ ಒಂದು ಕಡೆ ಗಿಲಾವು ಬಿರುಕು ಬಿಟ್ಟಿದೆ, ಪಂಚಾಯಿತಿಯಿಂದ ಬರಬೇಕಾದ ಒಂದು ಕಾಗದ ಇನ್ನೂ ಬಂದಿಲ್ಲ. ಕಟ್ಟಿದವರಿಗೆ ಹಣದ ಅವಸರ. ‘ನೋಂದಣಿ ಮುಗಿಸಿಬಿಡಿ, ಮಿಕ್ಕಿದ್ದನ್ನು ಆಮೇಲೆ ಮಾಡಿಕೊಡುತ್ತೇವೆ’ ಎನ್ನುತ್ತಾರೆ. ಮನೆಯ ಹಿರಿಯರು ಮುಹೂರ್ತ ನೋಡಿದ್ದಾರೆ. ಬ್ಯಾಂಕಿನವರು ಕೊನೆಯ ಕಂತು ಬಿಡುಗಡೆ ಮಾಡಲು ದಿನ ಕೇಳುತ್ತಿದ್ದಾರೆ. ಇಂಥ ಹೊತ್ತಿನಲ್ಲಿ ಕೊಳ್ಳುವವರು ನೋಂದಣಿಯನ್ನು ಮುಂದಕ್ಕೆ ಹಾಕಬೇಕೇ, ಇಲ್ಲ ಮುಗಿಸಿಬಿಡಬೇಕೇ? ಸುತ್ತಮುತ್ತ ಸಿಗುವ ಸಲಹೆ ಎರಡು ಬಗೆಯದು. ‘ಎಲ್ಲ ಕೆಲಸ ಮುಗಿಯುವ ತನಕ ರುಜು ಹಾಕಬೇಡಿ’ ಎಂದು ಕೆಲವರು, ‘ಕೈಗೆ ಬಂದದ್ದನ್ನು ಮೊದಲು ಹೆಸರಿಗೆ ಮಾಡಿಸಿಕೊಳ್ಳಿ’ ಎಂದು ಇನ್ನು ಕೆಲವರು. ಎರಡರಲ್ಲೂ ಅರ್ಧ ಸತ್ಯವಿದೆ. ಕಾಯಬೇಕೋ ಬೇಡವೋ ಎಂಬುದು ಎಷ್ಟು ಕೊರತೆ ಉಳಿದಿದೆ ಎಂಬುದರ ಮೇಲೆ ನಿಂತಿಲ್ಲ, ಎಂಥ ಕೊರತೆ ಉಳಿದಿದೆ ಎಂಬುದರ ಮೇಲೆ ನಿಂತಿದೆ.

ಮನೆ ಕಟ್ಟುವ ಕಷ್ಟದ ಬಗ್ಗೆ ನಮ್ಮಲ್ಲಿ ಗಾದೆ ಇದೆ, ಮನೆ ಕೊಳ್ಳುವ ಕಷ್ಟದ ಬಗ್ಗೆ ಇಲ್ಲ. ಕಾರಣ ಸರಳ. ಕೂಡ್ಲಿಗಿ ತಾಲ್ಲೂಕಿನ ಹೊಸಹಳ್ಳಿಯಲ್ಲಾಗಲಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳಲ್ಲಾಗಲಿ ಮೊನ್ನೆಮೊನ್ನೆಯವರೆಗೂ ಮನೆ ಎಂದರೆ ಸ್ವಂತ ಜಾಗದಲ್ಲಿ ಮೇಸ್ತ್ರಿಯನ್ನು ಹಿಡಿದು ಕಟ್ಟಿಸಿದ್ದು. ಆಗ ಕೆಲಸ ಸರಿಯಿಲ್ಲವೆಂದರೆ ವಾರದ ಬಟವಾಡೆ ನಿಲ್ಲಿಸಿದರೆ ಸಾಕಿತ್ತು; ಜಾಗ ಹೇಗೂ ತಮ್ಮದೇ. ಈಗ ಪಟ್ಟಣಗಳ ಅಂಚಿನ ಬಡಾವಣೆಗಳಲ್ಲಿ ಯಾರೋ ನಿವೇಶನ ತೆಗೆದುಕೊಂಡು, ಮನೆ ಕಟ್ಟಿ, ಸಿದ್ಧ ಮನೆಯೆಂದು ಮಾರುತ್ತಾರೆ. ಈ ತಾಲ್ಲೂಕುಗಳಿಂದ ಬೆಂಗಳೂರಿಗೆ ಹೋಗಿ ದುಡಿಯುವವರು ಅಲ್ಲಿ ಕಟ್ಟುತ್ತಿರುವ ಕಟ್ಟಡದಲ್ಲೇ ಫ್ಲ್ಯಾಟಿಗೆ ಮುಂಗಡ ಕೊಡುತ್ತಾರೆ. ಎರಡು ಕಡೆಯೂ ಜಾಗ ಮಾರುವವರದು, ಕೆಲಸದವರು ಮಾರುವವರ ಮಾತು ಕೇಳುವವರು. ಕೊಳ್ಳುವವರ ಕೈಯಲ್ಲಿ ಉಳಿಯುವುದು ಎರಡೇ: ಇನ್ನೂ ಕೊಡದ ಹಣ, ಇನ್ನೂ ಹಾಕದ ರುಜು. ಈ ಎರಡನ್ನೂ ಒಂದೇ ಎಂದು ತಿಳಿಯುವುದರಿಂದಲೇ ಬಹಳಷ್ಟು ತೊಂದರೆ ಹುಟ್ಟುತ್ತದೆ.

ಮೊದಲು ಬಿಡಿಸಿ ನೋಡೋಣ. ಮನೆ ‘ಮುಗಿಯಿತು’ ಎನ್ನುವುದರಲ್ಲಿ ಮೂರು ಬೇರೆ ಬೇರೆ ಸಂಗತಿಗಳಿವೆ. ಕಟ್ಟಡದ ಕೆಲಸ ಮುಗಿಯುವುದು ಒಂದು. ಕಟ್ಟಡ ವಾಸಕ್ಕೆ ಯೋಗ್ಯವಾಗಿದೆ, ಒಪ್ಪಿಗೆ ಪಡೆದ ನಕ್ಷೆಯಂತೆಯೇ ಇದೆ ಎಂದು ಸ್ಥಳೀಯ ಸಂಸ್ಥೆ ಕಾಗದದ ಮೇಲೆ ಒಪ್ಪುವುದು ಇನ್ನೊಂದು. ಕ್ರಯಪತ್ರ ನೋಂದಣಿಯಾಗಿ ಒಡೆತನ ಬದಲಾಗುವುದು ಮತ್ತೊಂದು. ಇವುಗಳಲ್ಲಿ ಮೊದಲನೆಯದು ಅರೆಬರೆಯಾಗಿದ್ದರೆ ನೋಂದಣಿಯ ನಂತರವೂ ಸರಿಮಾಡಬಹುದು. ಕಟ್ಟಿದವರು ಮಾಡದಿದ್ದರೆ ಇನ್ನೊಬ್ಬ ಮೇಸ್ತ್ರಿಯನ್ನು ಕರೆದು ಮಾಡಿಸಬಹುದು, ಖರ್ಚು ಎಷ್ಟೆಂದು ಲೆಕ್ಕ ಹಾಕಬಹುದು. ಎರಡನೆಯದು ಹಾಗಲ್ಲ. ಭೂಪರಿವರ್ತನೆಯಾಗದ ಹೊಲದಲ್ಲಿ ಕಟ್ಟಿದ ಮನೆಯನ್ನು, ನಕ್ಷೆ ಮೀರಿ ಎಬ್ಬಿಸಿದ ಮಹಡಿಯನ್ನು, ಬ್ಯಾಂಕಿಗೆ ಅಡವಿಟ್ಟ ನಿವೇಶನವನ್ನು ಕೊಂಡವರು ತಮ್ಮ ಕೈಯಿಂದ ಸರಿಪಡಿಸಲಾರರು. ಆದ್ದರಿಂದ ಸೂತ್ರ ಇಷ್ಟೇ: ನೋಂದಣಿಯ ನಂತರವೂ ಸರಿಹೋಗಬಲ್ಲ ಕೊರತೆಗೆ ಹಣ ತಡೆಯಿರಿ, ನೋಂದಣಿ ತಡೆಯಬೇಡಿ, ನೋಂದಣಿಯ ನಂತರ ಸರಿಹೋಗದ ಕೊರತೆಗೆ ನೋಂದಣಿಯನ್ನೇ ತಡೆಯಿರಿ.

ಇದರ ಮೊದಲ ಅರ್ಧಕ್ಕೆ ಒಳ್ಳೆಯ ಆಧಾರ ಬೆಂಗಳೂರಿನದೇ ಒಂದು ಪ್ರಕರಣದಲ್ಲಿದೆ. ಬೇಗೂರು ಹೋಬಳಿಯಲ್ಲಿ ಡಿಎಲ್‌ಎಫ್ ಸದರ್ನ್ ಹೋಮ್ಸ್ ಕಟ್ಟಿದ ದೊಡ್ಡ ವಸತಿ ಸಮುಚ್ಚಯದಲ್ಲಿ ಕರಾರಿನ ಪ್ರಕಾರ 36 ತಿಂಗಳಲ್ಲಿ ಫ್ಲ್ಯಾಟು ಸಿಗಬೇಕಿತ್ತು, ವರ್ಷಗಟ್ಟಲೆ ತಡವಾಯಿತು. ತಡಕ್ಕೆ ಕರಾರಿನಲ್ಲಿ ಬರೆದಿದ್ದ ಪರಿಹಾರ ತಿಂಗಳಿಗೆ ಚದರ ಅಡಿಗೆ 5 ರೂಪಾಯಿ ಮಾತ್ರ. ಕೊನೆಗೆ ಮನೆ ಸಿದ್ಧವಾದಾಗ ಕೊಂಡವರು ಇಕ್ಕಟ್ಟಿಗೆ ಸಿಕ್ಕಿದರು. ಕ್ರಯಪತ್ರ ಮಾಡಿಸಿಕೊಂಡರೆ ತಡಕ್ಕೆ ಪರಿಹಾರ ಕೇಳುವ ಹಕ್ಕು ಹೋಗುತ್ತದೆಯೇ? ಹಕ್ಕು ಉಳಿಸಿಕೊಳ್ಳಬೇಕೆಂದರೆ ವ್ಯಾಜ್ಯ ಮುಗಿಯುವ ತನಕ ಕ್ರಯಪತ್ರವಿಲ್ಲದೆ ಇರಬೇಕೇ? ಆಕ್ಷೇಪಣೆಯನ್ನು ಉಳಿಸಿಕೊಂಡು ನೋಂದಣಿ ಮಾಡಿಸಿಕೊಳ್ಳಲು ಕಂಪನಿ ಅವಕಾಶ ಕೊಡಲಿಲ್ಲ. ರಾಷ್ಟ್ರೀಯ ಗ್ರಾಹಕ ಆಯೋಗ 2019ರಲ್ಲಿ ಕೊಂಡವರ ದೂರನ್ನು ತಳ್ಳಿಹಾಕಿತು. ಸುಪ್ರೀಂ ಕೋರ್ಟ್ 2020ರ ಆಗಸ್ಟ್ 24ರಂದು ಆ ತೀರ್ಪನ್ನು ಬದಿಗೆ ಸರಿಸಿತು. ತಡವಾದ ಕಾಲಕ್ಕೆ ವರ್ಷಕ್ಕೆ ಶೇ 6ರಂತೆ ಬಡ್ಡಿಯನ್ನು, ಕರಾರಿನ ಪರಿಹಾರದ ಜೊತೆಗೆ, ಕೊಡಬೇಕೆಂದು ಹೇಳಿತು. ಅದಕ್ಕಿಂತ ಮುಖ್ಯವಾಗಿ, ವರ್ಷಗಟ್ಟಲೆ ಕಾದು ಮನೆ ಕೊಂಡವರನ್ನು ಒಡೆತನ ಬೇಕೋ ಪರಿಹಾರ ಬೇಕೋ ಎಂದು ಕೇಳುವುದು ನ್ಯಾಯವಲ್ಲ, ಕ್ರಯಪತ್ರ ಮಾಡಿಸಿಕೊಂಡ ಮಾತ್ರಕ್ಕೆ ಪರಿಹಾರದ ಹಕ್ಕು ಹೋಗುವುದಿಲ್ಲ ಎಂದು ಸ್ಪಷ್ಟಪಡಿಸಿತು.

ಈ ತೀರ್ಪಿನ ಇನ್ನೊಂದು ಅಂಶವನ್ನು ಜನ ಅಷ್ಟಾಗಿ ಗಮನಿಸುವುದಿಲ್ಲ. ದೂರು ಕೊಟ್ಟ ಎಲ್ಲರಿಗೂ ಪರಿಹಾರ ಸಿಗಲಿಲ್ಲ. ಕಂಪನಿಯ ಜೊತೆ ಪ್ರತ್ಯೇಕವಾಗಿ ರಾಜಿ ಪತ್ರ ಮಾಡಿಕೊಂಡಿದ್ದ ಕೆಲವರನ್ನು ನ್ಯಾಯಾಲಯ ಕೈಬಿಟ್ಟಿತು. ಅಂದರೆ ಹಕ್ಕನ್ನು ಕಸಿದದ್ದು ಕ್ರಯಪತ್ರದ ಮೇಲಿನ ರುಜು ಅಲ್ಲ, ‘ನಮ್ಮದೇನೂ ತಕರಾರಿಲ್ಲ’ ಎಂದು ಒಪ್ಪಿದ ಕಾಗದದ ಮೇಲಿನ ರುಜು. ನೋಂದಣಿಯ ದಿನ ಉಪ ನೋಂದಣಾಧಿಕಾರಿ ಕಚೇರಿಯ ಗದ್ದಲದಲ್ಲಿ ಕ್ರಯಪತ್ರದ ಜೊತೆಗೆ ಇನ್ನೂ ನಾಲ್ಕು ಹಾಳೆಗಳಿಗೆ ರುಜು ಹಾಕಿಸಿಕೊಳ್ಳುವುದು ಹೊಸದೇನಲ್ಲ. ಮನೆಯ ಕೆಲಸವೆಲ್ಲ ತೃಪ್ತಿಕರವಾಗಿ ಮುಗಿದಿದೆ, ಮುಂದೆ ಯಾವ ಬೇಡಿಕೆಯೂ ಇಲ್ಲ ಎಂಬ ಸಾಲು ಅವುಗಳಲ್ಲಿ ಒಂದರಲ್ಲಿ ಇರುತ್ತದೆ. ಕೊಳ್ಳುವವರು ತಡೆಯಬೇಕಾದದ್ದು ಆ ಹಾಳೆಯನ್ನು. ಅದಕ್ಕೆ ಬದಲಾಗಿ ಉಳಿದ ಕೆಲಸಗಳ ಪಟ್ಟಿ ಮಾಡಿ, ಪ್ರತಿಯೊಂದಕ್ಕೂ ದಿನ ಬರೆದು, ಮಾರುವವರ ರುಜು ಪಡೆದು ಇಟ್ಟುಕೊಂಡರೆ ನೋಂದಣಿ ಮಾಡಿಸಿಕೊಂಡೂ ತಕರಾರನ್ನು ಉಳಿಸಿಕೊಂಡ ಹಾಗಾಗುತ್ತದೆ.

ಇನ್ನು ಸೂತ್ರದ ಎರಡನೆಯ ಅರ್ಧ. ರಿಯಲ್ ಎಸ್ಟೇಟ್ ಯೋಜನೆಗಳಿಗೆಂದು 2016ರಲ್ಲಿ ಸಂಸತ್ತು ಮಾಡಿದ ಕಾಯ್ದೆಯನ್ನು ಎಲ್ಲರೂ ರೇರಾ ಎನ್ನುತ್ತಾರೆ; ಕರ್ನಾಟಕದಲ್ಲಿ ಇದರ ನಿಯಮಗಳು 2017ರಲ್ಲಿ ಬಂದವು. ಈ ಕಾಯ್ದೆಯ ಪ್ರಕಾರ ಸ್ಥಳೀಯ ಸಂಸ್ಥೆ ಕೊಡುವ ಸ್ವಾಧೀನಾನುಭವ ಪತ್ರವನ್ನು, ಜನರ ಬಾಯಲ್ಲಿ ಓಸಿಯನ್ನು, ತರುವುದು ಕಟ್ಟಿದವರ ಹೊಣೆ. ಅದು ಬಂದ ಮೂರು ತಿಂಗಳೊಳಗೆ ಅವರು ಕ್ರಯಪತ್ರ ಮಾಡಿಕೊಡಬೇಕು; ಕೊಂಡವರು ಎರಡು ತಿಂಗಳೊಳಗೆ ಮನೆಯನ್ನು ಸ್ವಾಧೀನಕ್ಕೆ ತೆಗೆದುಕೊಳ್ಳಬೇಕು. ಎರಡೂ ಗಡುವು ಓಸಿಯ ದಿನದಿಂದಲೇ ಶುರುವಾಗುತ್ತವೆ ಎಂಬುದನ್ನು ಗಮನಿಸಬೇಕು. ಓಸಿ ಇಲ್ಲದೆ ‘ಮನೆ ಸಿದ್ಧವಿದೆ, ಬಂದು ಬೀಗದ ಕೈ ತೆಗೆದುಕೊಳ್ಳಿ’ ಎಂದು ಪತ್ರ ಬರೆದರೆ ಅದು ಕಾನೂನಿನ ಕಣ್ಣಿಗೆ ಸ್ವಾಧೀನ ಕೊಟ್ಟಂತಲ್ಲ. ಆಗ್ರಾ ಅಭಿವೃದ್ಧಿ ಪ್ರಾಧಿಕಾರದ ವಿರುದ್ಧದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2024ರ ಸೆಪ್ಟೆಂಬರ್‌ನಲ್ಲಿ ಇದನ್ನೇ ಹೇಳಿತು. ಅಲ್ಲಿ ಮಾರಿದ್ದು ಖಾಸಗಿಯವರಲ್ಲ, ಸರ್ಕಾರಿ ಪ್ರಾಧಿಕಾರವೇ. ಹೀಗಾಗಿ ಓಸಿ ಬರುವ ತನಕ ಕಾಯುವವರು ಮಾರುವವರಿಗೆ ತೊಂದರೆ ಕೊಡುತ್ತಿಲ್ಲ, ಕಾನೂನು ಹೇಳಿದ ಕ್ರಮವನ್ನು ಪಾಲಿಸುತ್ತಿದ್ದಾರೆ ಅಷ್ಟೆ. ಕಾಯುವ ಆ ಕಾಲಕ್ಕೆ ರೇರಾ ಬಡ್ಡಿಯನ್ನೂ ಕೊಡಿಸುತ್ತದೆ: ಒಪ್ಪಿದ ದಿನ ಮೀರಿದ ಪ್ರತಿ ತಿಂಗಳಿಗೆ, ಸ್ಟೇಟ್ ಬ್ಯಾಂಕಿನ ಸಾಲದ ಗರಿಷ್ಠ ಎಂಸಿಎಲ್‌ಆರ್ ದರಕ್ಕೆ ಶೇ 2 ಸೇರಿಸಿ.

ಓಸಿ ಇಲ್ಲದೆಯೇ ಒಳಗೆ ಸೇರಿದವರ ಗತಿ ಏನಾಗುತ್ತದೆ ಎಂಬುದಕ್ಕೆ ಮುಂಬೈನ ಒಂದು ವಸತಿ ಸಹಕಾರ ಸಂಘದ ಪ್ರಕರಣ ಸಾಕ್ಷಿ. ಅಲ್ಲಿನವರು 1997ರಿಂದ ಮನೆಗಳಲ್ಲಿ ವಾಸವಿದ್ದರು. ಓಸಿ ಬರಲೇ ಇಲ್ಲ. ಆ ಕಾರಣಕ್ಕೆ ಆಸ್ತಿ ತೆರಿಗೆ ಶೇ 25ರಷ್ಟು, ನೀರಿನ ಶುಲ್ಕ ಶೇ 50ರಷ್ಟು ಹೆಚ್ಚು ಕಟ್ಟುತ್ತಾ ಬಂದರು. ಸುಪ್ರೀಂ ಕೋರ್ಟ್ 2022ರ ಜನವರಿಯಲ್ಲಿ ಅವರ ದೂರು ವಿಚಾರಣೆಗೆ ಅರ್ಹ ಎಂದು ಹೇಳಿತು, ಓಸಿ ಕೊಡದಿರುವುದು ದಿನದಿನವೂ ಮುಂದುವರಿಯುವ ತಪ್ಪು ಎಂದಿತು. ಅಷ್ಟನ್ನು ಹೇಳಿಸಿಕೊಳ್ಳಲೇ ಕಾಲು ಶತಮಾನ ಬೇಕಾಯಿತು. 2024ರ ಡಿಸೆಂಬರ್ 17ರಂದು ಅದೇ ನ್ಯಾಯಾಲಯ ಇನ್ನೂ ಮುಂದೆ ಹೋಗಿ, ಓಸಿ ಅಥವಾ ಕಾಮಗಾರಿ ಪೂರ್ಣಗೊಂಡ ಪತ್ರ ನೋಡದೆ ಕಟ್ಟಡಗಳಿಗೆ ವಿದ್ಯುತ್, ನೀರು, ಒಳಚರಂಡಿ ಸಂಪರ್ಕ ಕೊಡಬಾರದು, ಬ್ಯಾಂಕುಗಳೂ ಈ ಪತ್ರಗಳನ್ನು ಪರಿಶೀಲಿಸಿಯೇ ಸಾಲ ಕೊಡಬೇಕು ಎಂದು ನಿರ್ದೇಶಿಸಿತು. ಇದರ ಬಿಸಿ 2025ರಲ್ಲಿ ಕರ್ನಾಟಕದ ಮನೆಮನೆಗೆ ತಟ್ಟಿತು. ಕಟ್ಟಿ ಮುಗಿದ ಮನೆಗಳಿಗೆ ವಿದ್ಯುತ್ ಕಂಪನಿಗಳು ಕಾಯಂ ಸಂಪರ್ಕ ಕೊಡದೆ ನಿಂತವು, ಸಣ್ಣ ನಿವೇಶನಗಳ ಮನೆಗಳಿಗೆ ವಿನಾಯಿತಿ ಕೊಡುವ ದಾರಿಯನ್ನು ಸರ್ಕಾರ ಹುಡುಕಬೇಕಾಯಿತು. ವಿನಾಯಿತಿಗಳು ಬರಬಹುದು, ಹೋಗಬಹುದು. ಅವುಗಳನ್ನು ನಂಬಿ ಮನೆ ಕೊಳ್ಳುವುದು ಜಾಣತನವಲ್ಲ.

ಇಷ್ಟು ಹೇಳಿದ ಮೇಲೆ ಹೊಸಹಳ್ಳಿಯ ಓದುಗರು ಕೇಳುವುದು ಸಹಜ: ಇದೆಲ್ಲ ಬೆಂಗಳೂರು, ಮುಂಬೈಗಳ ಮಾತಾಯಿತು, ನಮಗೇನು? ಪ್ರಶ್ನೆ ನ್ಯಾಯವಾದದ್ದು. 500 ಚದರ ಮೀಟರ್ ಮೀರದ ಜಾಗದಲ್ಲಿ ಕಟ್ಟಿದ ಅಥವಾ ಎಂಟು ಮನೆ ಮೀರದ ಯೋಜನೆಗೆ ರೇರಾ ನೋಂದಣಿಯೇ ಬೇಕಿಲ್ಲ. 30–40ರ ನಾಲ್ಕು ನಿವೇಶನ ಕೂಡಿಸಿದರೂ ಆ ಮಿತಿಯೊಳಗೇ ಉಳಿಯುತ್ತದೆ. ಕೂಡ್ಲಿಗಿ, ಕೊಟ್ಟೂರಿನ ಕಡೆ ಒಬ್ಬೊಬ್ಬರು ಒಂದೆರಡು ಮನೆ ಕಟ್ಟಿ ಮಾರುವ ವ್ಯವಹಾರ ಬಹುಪಾಲು ಇದರ ಹೊರಗೇ ಉಳಿಯುತ್ತದೆ. ಅಲ್ಲಿ ಬಡ್ಡಿ ಕೊಡಿಸುವ ಪ್ರಾಧಿಕಾರವಿಲ್ಲ, ಕಟ್ಟಡದ ದೋಷಕ್ಕೆ ರೇರಾ ಹೊರಿಸುವ ಐದು ವರ್ಷದ ಹೊಣೆಯಿಲ್ಲ, ಓಸಿ ಕೇಳುವ ರೂಢಿಯೂ ಇಲ್ಲ. ಆದರೆ ಇದರಿಂದ ಸೂತ್ರ ಬದಲಾಗುವುದಿಲ್ಲ, ಇನ್ನಷ್ಟು ಗಟ್ಟಿಯಾಗುತ್ತದೆ. ಕಾನೂನಿನ ಬೆಂಬಲ ಕಡಿಮೆ ಇದ್ದ ಕಡೆ ನೋಂದಣಿಗೆ ಮುಂಚಿನ ಎಚ್ಚರಿಕೆಯೇ ದೊಡ್ಡ ರಕ್ಷಣೆ. ಇಲ್ಲಿ ಕಾಯಬೇಕಾದ ಕಾಗದಗಳ ಹೆಸರು ಬೇರೆ, ಅಷ್ಟೆ. ಪಂಚಾಯಿತಿ ವ್ಯಾಪ್ತಿಯಲ್ಲಾದರೆ 2013ರಿಂದ ನಡೆದುಬಂದ ಇ-ಸ್ವತ್ತಿನ ನಮೂನೆ 9 ಮತ್ತು 11ಎ, ಪುರಸಭೆ ಅಥವಾ ಪಟ್ಟಣ ಪಂಚಾಯಿತಿಯಲ್ಲಾದರೆ ಇ-ಖಾತೆ. ಹೊಲವಾಗಿದ್ದ ಜಾಗವಾದರೆ ಭೂಪರಿವರ್ತನೆಯ ಆದೇಶ ಮತ್ತು ಬಡಾವಣೆಯ ಒಪ್ಪಿಗೆ. ಕಟ್ಟಲು ಕೊಟ್ಟ ಪರವಾನಗಿ ಮತ್ತು ನಕ್ಷೆ. ಹಿಂದಿನ ಕ್ರಯಪತ್ರಗಳ ಸರಣಿ. ಜಾಗದ ಮೇಲೆ ಸಾಲವಿಲ್ಲವೆಂದು ತೋರಿಸುವ ಋಣಭಾರ ಪ್ರಮಾಣಪತ್ರ. ಒಪ್ಪಿಗೆಯಿಲ್ಲದ ಸ್ವತ್ತಿಗೂ ತೆರಿಗೆಗಾಗಿ ಕೊಡುವ ನಮೂನೆ 11ಬಿ ಇದೆ ಎಂದು ಮಾರುವವರು ಹೇಳಿದರೆ ಸಮಾಧಾನಪಡಬಾರದು. ತೆರಿಗೆ ಕಟ್ಟಿಸಿಕೊಂಡ ಮಾತ್ರಕ್ಕೆ ಬಡಾವಣೆ ಸಕ್ರಮವಾಗುವುದಿಲ್ಲ.

ನಮ್ಮ ಕಡೆ ಇನ್ನೊಂದು ಬಗೆಯ ತಡವೂ ಉಂಟು, ಅದು ಹೆಚ್ಚು ಅಪಾಯಕಾರಿ. ಕಾಗದ ಸರಿಯಿಲ್ಲದ್ದರಿಂದ ನೋಂದಣಿ ಆಗುತ್ತಿಲ್ಲ. ‘ಸದ್ಯಕ್ಕೆ ಬಾಂಡಿನ ಮೇಲೆ ಬರೆದುಕೊಡುತ್ತೇನೆ, ಜಿಪಿಎ (ಸಾಮಾನ್ಯ ಅಧಿಕಾರ ಪತ್ರ) ಮಾಡಿಕೊಡುತ್ತೇನೆ, ನೀವು ಬಂದು ಇರಿ’ ಎಂದು ಮಾರುವವರು ಹೇಳುತ್ತಾರೆ. ಕೊಳ್ಳುವವರು ಪೂರ್ತಿ ಹಣ ಕೊಟ್ಟು, ಹಾಲು ಉಕ್ಕಿಸಿ, ಸಂಸಾರ ಹೂಡುತ್ತಾರೆ. ನೋಂದಣಿ ವರ್ಷದಿಂದ ವರ್ಷಕ್ಕೆ ಮುಂದೆ ಹೋಗುತ್ತದೆ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ ಪ್ರಕಾರ ಕ್ರಯದ ಕರಾರು ತಾನಾಗಿ ಸ್ವತ್ತಿನ ಮೇಲೆ ಯಾವ ಹಕ್ಕನ್ನೂ ಕೊಡುವುದಿಲ್ಲ. ಜಿಪಿಎ ಮತ್ತು ಕರಾರಿನ ಮೇಲೆ ನಡೆಯುವ ಮಾರಾಟದಿಂದ ಒಡೆತನ ಬರುವುದಿಲ್ಲವೆಂದು ಸುಪ್ರೀಂ ಕೋರ್ಟ್ 2011ರಲ್ಲಿ, ಸೂರಜ್ ಲ್ಯಾಂಪ್ ಪ್ರಕರಣದಲ್ಲಿ ಖಚಿತವಾಗಿ ಹೇಳಿದೆ. ಕರಾರಿನಂತೆ ಕ್ರಯಪತ್ರ ಮಾಡಿಸಿಕೊಡಿ ಎಂದು ದಾವೆ ಹೂಡಲು ಇರುವ ಕಾಲಮಿತಿ ಮೂರು ವರ್ಷ. ಕರಾರಿನಲ್ಲಿ ದಿನ ನಮೂದಿಸಿದ್ದರೆ ಆ ದಿನದಿಂದ, ಇಲ್ಲವಾದರೆ ಮಾಡಿಕೊಡುವುದಿಲ್ಲವೆಂದು ಗೊತ್ತಾದ ದಿನದಿಂದ ಅದು ಎಣಿಕೆಯಾಗುತ್ತದೆ. ಮಾರಿದವರು ತೀರಿಕೊಂಡರೆ ವಾರಸುದಾರರು ಬರುತ್ತಾರೆ, ಅವರ ಸಾಲಗಾರರು ಜಪ್ತಿಗೆ ಬರುತ್ತಾರೆ. ಮನೆಯ ಸ್ವಾಧೀನವನ್ನೂ ಕೊಡುವ ಕರಾರಿಗೆ ಕರ್ನಾಟಕದಲ್ಲಿ ಕ್ರಯಪತ್ರಕ್ಕೆ ಕೊಡುವಷ್ಟೇ ಮುದ್ರಾಂಕ ಶುಲ್ಕ ಬೀಳುತ್ತದೆ ಎಂಬುದೂ ಬಹಳ ಜನಕ್ಕೆ ಗೊತ್ತಿಲ್ಲ. ಉಳಿಸಿದೆವೆಂದುಕೊಂಡ ದುಡ್ಡು ನ್ಯಾಯಾಲಯದಲ್ಲಿ ದಂಡದ ಜೊತೆ ಹೊರಬೀಳುತ್ತದೆ. ಇಲ್ಲಿ ಕಾದದ್ದು ತಪ್ಪಲ್ಲ, ಹಣವನ್ನೆಲ್ಲ ಕೊಟ್ಟು ಕಾದದ್ದು ತಪ್ಪು. ಕಾಗದ ಬರುವ ತನಕ ನೋಂದಣಿ ನಿಲ್ಲಬೇಕು ಎಂದಾದರೆ ಹಣವೂ ನಿಲ್ಲಬೇಕು, ಒಳಗೆ ಸೇರುವುದೂ ನಿಲ್ಲಬೇಕು.

ಹಾಗಾದರೆ ಎಲ್ಲ ಸಂದರ್ಭದಲ್ಲೂ ಕಾದುಬಿಡುವುದೇ ಕ್ಷೇಮವಲ್ಲವೇ? ಅಲ್ಲ, ಏಕೆಂದರೆ ಕಾಯುವುದಕ್ಕೂ ಬೆಲೆಯಿದೆ. ಮುದ್ರಾಂಕ ಶುಲ್ಕ ಲೆಕ್ಕ ಹಾಕುವುದು ಒಪ್ಪಿದ ಬೆಲೆ ಮತ್ತು ಸರ್ಕಾರದ ಮಾರ್ಗಸೂಚಿ ದರ ಇವೆರಡರಲ್ಲಿ ಹೆಚ್ಚಿನದರ ಮೇಲೆ, ಅದೂ ಕ್ರಯಪತ್ರಕ್ಕೆ ರುಜು ಹಾಕುವ ದಿನಕ್ಕೆ. 2023ರ ಅಕ್ಟೋಬರ್ 1ರಿಂದ ರಾಜ್ಯದಲ್ಲಿ ಮಾರ್ಗಸೂಚಿ ದರ ಏರಿತು. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇ 1ರಿಂದ ಶೇ 2ಕ್ಕೆ ಹೋಯಿತು. 30 ಲಕ್ಷದ ಮನೆಯ ನೋಂದಣಿಯನ್ನು ಒಂದು ಬಾಗಿಲಿನ ಬಣ್ಣಕ್ಕಾಗಿ ಆಗಸ್ಟಿನಿಂದ ಸೆಪ್ಟೆಂಬರಿಗೆ ತಳ್ಳಿದವರು 30 ಸಾವಿರ ರೂಪಾಯಿ ಹೆಚ್ಚು ಕಟ್ಟಿದರು. ಆ ದುಡ್ಡಿನಲ್ಲಿ ಹಲವು ಬಾಗಿಲಿಗೆ ಬಣ್ಣ ಹೊಡೆಸಬಹುದಿತ್ತು. ಬಾಡಿಗೆ ಮನೆಯ ಬಾಡಿಗೆ ಒಂದು ಕಡೆ, ಬಿಡುಗಡೆಯಾದ ಸಾಲದ ಬಡ್ಡಿ ಇನ್ನೊಂದು ಕಡೆ. ಹಳೆಯ ತೆರಿಗೆ ಪದ್ಧತಿಯಲ್ಲಿರುವವರಿಗೆ, ಸಾಲ ತೆಗೆದ ಹಣಕಾಸು ವರ್ಷ ಮುಗಿದ ಐದು ವರ್ಷದೊಳಗೆ ಮನೆ ಪೂರ್ತಿಯಾಗದಿದ್ದರೆ ಬಡ್ಡಿಗೆ ಸಿಗುವ ವಿನಾಯಿತಿ ವರ್ಷಕ್ಕೆ 2 ಲಕ್ಷದಿಂದ 30 ಸಾವಿರಕ್ಕೆ ಇಳಿಯುತ್ತದೆ. ರೇರಾ ಯೋಜನೆಯಲ್ಲಿ ಓಸಿ ಬಂದು ಎರಡು ತಿಂಗಳು ಕಳೆದರೂ ಸುಮ್ಮನಿದ್ದರೆ ತಪ್ಪು ಕೊಂಡವರ ಕಡೆಗೆ ತಿರುಗುತ್ತದೆ. ಬಾಕಿ ಹಣಕ್ಕೆ ಬಡ್ಡಿ ಕೊಡಬೇಕಾದವರು ಅವರಾಗುತ್ತಾರೆ. ಕಟ್ಟಿದವರು ತಡಮಾಡಿದರೆ ಎಷ್ಟು ದರವೋ ಕೊಂಡವರು ತಡಮಾಡಿದರೂ ಅಷ್ಟೇ ದರ ಎಂಬುದು ಆ ಕಾಯ್ದೆಯ ನಿಯಮ.

‘ನೋಂದಣಿಯಾದ ಮೇಲೆ ಕಟ್ಟಿದವರು ಫೋನೂ ಎತ್ತುವುದಿಲ್ಲ, ರುಜು ಹಾಕುವ ತನಕ ಮಾತ್ರ ನಮ್ಮ ಮಾತಿಗೆ ಬೆಲೆ’ ಎಂಬುದು ಇದಕ್ಕೆ ಬರುವ ಬಲವಾದ ಆಕ್ಷೇಪ. ಇದನ್ನು ಅಲ್ಲಗಳೆಯಲಾಗದು. ರೇರಾ ಕಾಯ್ದೆ ಸ್ವಾಧೀನ ಕೊಟ್ಟ ದಿನದಿಂದ ಐದು ವರ್ಷದ ತನಕ ಕಟ್ಟಡದ ದೋಷವನ್ನು ಉಚಿತವಾಗಿ, 30 ದಿನದೊಳಗೆ ಸರಿಪಡಿಸಬೇಕೆಂದು ಹೇಳುತ್ತದೆ ನಿಜ. ಆದರೆ ಪ್ರಾಧಿಕಾರದ ಆದೇಶ ಸಿಕ್ಕರೂ ಹಣ ವಸೂಲಿ ಕಂದಾಯ ಇಲಾಖೆಯ ಕೈಯಲ್ಲಿ ಸಿಕ್ಕಿ ನಿಧಾನವಾಗುತ್ತದೆ, ಅನೇಕ ಆದೇಶಗಳು ಕಾಗದದ ಮೇಲೆಯೇ ಉಳಿದಿವೆ. ಆದ್ದರಿಂದಲೇ ಬರೀ ಮಾತಿನ ಬದಲು ಹಣವನ್ನು ಉಳಿಸಿಕೊಳ್ಳಿ ಎಂಬುದು. ಇದಕ್ಕೆ ಕಾನೂನಿನಲ್ಲೇ ದಾರಿಯಿದೆ. ಸ್ವತ್ತು ವರ್ಗಾವಣೆ ಕಾಯ್ದೆಯ 54ನೇ ಸೆಕ್ಷನ್ ಪ್ರಕಾರ ಕ್ರಯವಾಗಲು ಬೆಲೆ ಪೂರ್ತಿ ಸಂದಾಯವಾಗಿರಬೇಕೆಂದೇನಿಲ್ಲ. ಒಂದು ಭಾಗ ಕೊಟ್ಟು ಇನ್ನೊಂದು ಭಾಗ ಕೊಡುವುದಾಗಿ ಒಪ್ಪಿದರೂ ಕ್ರಯ ಊರ್ಜಿತ. ಉಳಿದ ಕೆಲಸಕ್ಕೆ ತಗಲುವ ಖರ್ಚನ್ನು ಬೇರೆ ಮೇಸ್ತ್ರಿ ಅಥವಾ ಎಂಜಿನಿಯರ್ ಕೈಯಲ್ಲಿ ಅಂದಾಜು ಮಾಡಿಸಿ, ಅದಕ್ಕಿಂತ ತುಸು ಹೆಚ್ಚು ಹಣ ಉಳಿಸಿಕೊಂಡು, ಇಂಥ ದಿನದೊಳಗೆ ಈ ಕೆಲಸ ಮುಗಿದರೆ ಈ ಮೊತ್ತ ಕೊಡುತ್ತೇವೆ, ಇಲ್ಲವಾದರೆ ಅದರಿಂದಲೇ ಮಾಡಿಸಿಕೊಳ್ಳುತ್ತೇವೆ ಎಂದು ಕ್ರಯಪತ್ರದಲ್ಲೇ ಬರೆಸಬಹುದು. ಹಾಗೆ ಉಳಿದ ಹಣಕ್ಕೆ ಸ್ವತ್ತಿನ ಮೇಲೆ ಮಾರಿದವರ ಹಕ್ಕು ಇರುತ್ತದೆ, ಆದ್ದರಿಂದ ಅವರಿಗೂ ಭಯವಿಲ್ಲ. ಸಾಲ ತೆಗೆದವರು ಈ ಷರತ್ತನ್ನು ಬ್ಯಾಂಕಿನ ವಕೀಲರಿಗೆ ಮೊದಲೇ ತೋರಿಸಿ ಒಪ್ಪಿಗೆ ಪಡೆಯಬೇಕು.

ಮಾರುವವರ ಕಡೆಯಿಂದಲೂ ಒಂದು ಮಾತಿದೆ, ಅದನ್ನೂ ಕೇಳಬೇಕು. ಸಣ್ಣ ಊರಲ್ಲಿ ಮನೆ ಕಟ್ಟಿ ಮಾರುವವರು ದೊಡ್ಡ ಕಂಪನಿಗಳಲ್ಲ. ಸಾಲ ತಂದು ಸಿಮೆಂಟು, ಕಬ್ಬಿಣ ಹೊಂದಿಸಿರುತ್ತಾರೆ. ಕೊಳ್ಳುವವರ ಕೊನೆಯ ಕಂತಿನಿಂದಲೇ ಕಬ್ಬಿಣದ ಅಂಗಡಿಯ ಬಾಕಿ, ಗಾರೆಯವರ ಕೂಲಿ ತೀರಬೇಕು. ಒಂದು ನಲ್ಲಿಯ ಸಲುವಾಗಿ ನೋಂದಣಿ ನಿಂತರೆ ಅವರ ಇಡೀ ಹಣ ಸಿಕ್ಕಿಬೀಳುತ್ತದೆ, ಆಗ ನಲ್ಲಿ ಸರಿಮಾಡಿಸಲೂ ಅವರ ಕೈಯಲ್ಲಿ ದುಡ್ಡಿರುವುದಿಲ್ಲ. ಇದು ಕುಂಟು ನೆಪವಲ್ಲ. ಕೊರತೆಯ ಅಳತೆಗೆ ತಕ್ಕಷ್ಟೇ ಹಣ ತಡೆದರೆ ಬೆಲೆಯ ಬಹುಪಾಲು ಅವರಿಗೆ ಸಿಕ್ಕಿ ಕೆಲಸ ಮುಗಿಯುತ್ತದೆ. ಎಲ್ಲವನ್ನೂ ತಡೆದರೆ ಇಬ್ಬರೂ ಸೋಲುತ್ತಾರೆ. ಆದರೆ ಇದೇ ಮಾತನ್ನು ಓಸಿಗೋ ಇ-ಸ್ವತ್ತಿಗೋ ಹಚ್ಚಿ ‘ನನ್ನ ಕಷ್ಟ ನೋಡಿ ರುಜು ಹಾಕಿ’ ಎಂದರೆ ಒಪ್ಪಲಾಗದು. ಕಾಗದ ಬರದ ಮನೆಯ ಕೊರತೆಗೆ ಅಳತೆಯೇ ಇಲ್ಲ. ಇಂತಿಷ್ಟು ಹಣ ಹಿಡಿದುಕೊಂಡರೆ ಸರಿಹೋಗುತ್ತದೆ ಎಂದು ಯಾರೂ ಹೇಳಲಾರರು.

ಕಾದರೆ ಕಟ್ಟಡದ ಹುಳುಕೆಲ್ಲ ಹೊರಬರುತ್ತದೆ ಎಂಬ ನಂಬಿಕೆಯೂ ಪೂರ್ತಿ ನಿಜವಲ್ಲ. ಬೇಸಿಗೆಯಲ್ಲಿ ಮುಗಿದ ಮನೆಯ ತಾರಸಿ ಸೋರುತ್ತದೋ ಇಲ್ಲವೋ ಮಳೆಗಾಲದಲ್ಲಿ ಗೊತ್ತಾಗಬೇಕು. ಹಡಗಲಿ, ಹಗರಿಬೊಮ್ಮನಹಳ್ಳಿಗಳ ಎರೆ ಭೂಮಿ ಮಳೆಗೆ ಉಬ್ಬಿ ಬಿಸಿಲಿಗೆ ಕುಗ್ಗುತ್ತದೆ. ತಳಪಾಯ ಗಟ್ಟಿ ಮಣ್ಣಿನ ತನಕ ಇಳಿಯದಿದ್ದರೆ ಗೋಡೆಯ ಬಿರುಕು ಕಾಣಿಸಿಕೊಳ್ಳಲು ಒಂದೆರಡು ವರ್ಷವೇ ಬೇಕು. ನಲ್ವತ್ತು ದಿನ ನೋಂದಣಿ ತಡೆದರೆ ಇಂಥದ್ದು ಹೊರಬೀಳುವುದಿಲ್ಲ. ಇದಕ್ಕೆ ಮದ್ದು ನೋಂದಣಿಯ ನಂತರವೂ ಉಳಿಯುವ ಹೊಣೆ. ರೇರಾ ಯೋಜನೆಗಳಲ್ಲಿ ಅದು ಕಾನೂನಿನಿಂದಲೇ ಬರುತ್ತದೆ. ಅದರ ಹೊರಗಿನ ಮನೆಗಳಲ್ಲಿ ಬರೆಸಿಕೊಳ್ಳಬೇಕು: ಎರಡು ಮಳೆಗಾಲ ಕಳೆಯುವ ತನಕ ಸೋರಿಕೆ, ಐದು ವರ್ಷದ ತನಕ ತಳಪಾಯ ಮತ್ತು ಗೋಡೆಯ ಬಿರುಕು ಮಾರಿದವರ ಹೊಣೆ ಎಂದು. ಹಾಗೆ ಬರೆಸಿಕೊಂಡ ಮಾತು ತಪ್ಪಿದರೆ ದಾವೆಗೆ ಆಧಾರವಾಗುತ್ತದೆ; ಕಟ್ಟಿಕೊಡುತ್ತೇನೆಂದು ಒಪ್ಪಿ ಹಣ ಪಡೆದಿದ್ದರೆ ಜಿಲ್ಲಾ ಗ್ರಾಹಕ ಆಯೋಗಕ್ಕೂ ಹೋಗಬಹುದು, ದೂರನ್ನು ಎರಡು ವರ್ಷದೊಳಗೆ ಕೊಡಬೇಕು.

ಕೊನೆಗೆ ಉಳಿಯುವುದು ಮುಹೂರ್ತದ ಮಾತು. ಆಷಾಢದಲ್ಲಿ ಗೃಹಪ್ರವೇಶವಿಲ್ಲ, ಅದಕ್ಕೆ ಮೊದಲೇ ಮುಗಿಸಬೇಕು ಎಂಬ ಆತುರ ಕಟ್ಟುವವರಿಗೆ ಚೆನ್ನಾಗಿ ಗೊತ್ತು. ಆಮಂತ್ರಣ ಪತ್ರಿಕೆ ಅಚ್ಚಾಗಿ, ನೆಂಟರಿಗೆ ಹೇಳಿ, ಅಡುಗೆಯವರಿಗೆ ಮುಂಗಡ ಕೊಟ್ಟ ಮೇಲೆ ಕೊಳ್ಳುವವರು ಯಾವ ಕಾಗದಕ್ಕೂ ಇಲ್ಲವೆನ್ನುವ ಸ್ಥಿತಿಯಲ್ಲಿರುವುದಿಲ್ಲ. ಶಾಸ್ತ್ರವನ್ನು ಬಿಡಿ ಎಂದು ಯಾರಿಗೂ ಹೇಳಬೇಕಿಲ್ಲ. ಕ್ರಮವನ್ನು ಬದಲಿಸಿದರೆ ಸಾಕು. ಕಾಗದ ಮೊದಲು, ನೋಂದಣಿ ಆಮೇಲೆ, ಪುರೋಹಿತರ ಹತ್ತಿರ ಹೋಗುವುದು ಅದರ ನಂತರ. ಒಳ್ಳೆಯ ದಿನ ವರ್ಷದಲ್ಲಿ ಹಲವು ಬರುತ್ತವೆ, ತಪ್ಪು ಕ್ರಯಪತ್ರವನ್ನು ತಿದ್ದುವ ಅವಕಾಶ ಅಷ್ಟು ಸುಲಭವಾಗಿ ಬರುವುದಿಲ್ಲ.

ಇಷ್ಟನ್ನೆಲ್ಲ ಕೊಳ್ಳುವವರೇ ಹೊರಬೇಕಾಗಿ ಬಂದಿರುವುದು ನ್ಯಾಯವೇ ಎಂಬ ಪ್ರಶ್ನೆಯೂ ಇದೆ. ಮಹಾನಗರದ ಫ್ಲ್ಯಾಟು ಕೊಳ್ಳುವವರಿಗೆ ಓಸಿ ಎಂಬ ಒಂದೇ ಕಾಗದ ಹೇಳುವುದನ್ನು ಸಣ್ಣ ಊರಿನಲ್ಲಿ ಮನೆ ಕೊಳ್ಳುವವರು ಐದಾರು ಕಚೇರಿ ಅಲೆದು ತಿಳಿಯಬೇಕಾಗಿದೆ. ಮಾರಾಟಕ್ಕೆಂದು ಕಟ್ಟಿದ ಮನೆ ಒಂದೇ ಇದ್ದರೂ, ಅದು ಒಪ್ಪಿಗೆಯ ನಕ್ಷೆಯಂತಿದೆ ಎಂದು ಪಂಚಾಯಿತಿ, ಪುರಸಭೆಗಳು ಸ್ಥಳ ನೋಡಿ ಬರೆದುಕೊಡುವ ಪದ್ಧತಿ ಬರಬೇಕು; ಆ ಪತ್ರವಿಲ್ಲದೆ ಮೊದಲ ಮಾರಾಟದ ಕ್ರಯಪತ್ರ ನೋಂದಣಿಯಾಗಬಾರದು. ಖಾತೆಯನ್ನು ನೋಂದಣಿಯ ಕಾವೇರಿ ತಂತ್ರಾಂಶಕ್ಕೆ ಜೋಡಿಸಲು ಸಾಧ್ಯವಾದ ಸರ್ಕಾರಕ್ಕೆ ಇದನ್ನೂ ಜೋಡಿಸುವುದು ಆಗದ ಕೆಲಸವಲ್ಲ. ಅದು ಬರುವ ತನಕ, ಕರಾರು ಬರೆಸುವ ದಿನವೇ ಎರಡು ಪಟ್ಟಿ ಮಾಡಿಕೊಳ್ಳುವುದು ಕೊಳ್ಳುವವರಿಗೆ ಉಳಿದ ದಾರಿ. ಬಾರದೆ ನೋಂದಣಿ ಮಾಡಿಸಿಕೊಳ್ಳುವುದಿಲ್ಲ ಎನ್ನುವ ಕಾಗದಗಳದ್ದು ಒಂದು, ಆಗದಿದ್ದರೆ ಇಂತಿಷ್ಟು ಹಣ ಹಿಡಿಯುತ್ತೇವೆ ಎನ್ನುವ ಕೆಲಸಗಳದ್ದು ಇನ್ನೊಂದು. ಮಾರುವವರು ಮೊದಲ ಪಟ್ಟಿಗೆ ರುಜು ಹಾಕಲು ಹಿಂಜರಿದರೆ ಮುಂಗಡವನ್ನೂ ಕೊಡದೆ ಎದ್ದುಬರುವುದೇ ಮೇಲು. ಆ ಹಂತದಲ್ಲಿ ವ್ಯವಹಾರ ಮುರಿದರೆ ಹೋಗುವುದು ಒಂದು ಮನೆ ಮಾತ್ರ, ಜೀವಮಾನದ ಉಳಿತಾಯವಲ್ಲ.